ಗಾಜು ಆಮೇಲೆ, ಮೊದಲು ಬಿಜಾಗರಿ

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರ ಕೂಗಳತೆಯಲ್ಲಿದೆ. ಚಿರೇಕಲ್ಲಿನ ಗೋಡೆಯ ಹಳೆಯ ಸ್ನಾನದ ಮನೆಯನ್ನು ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ. ಶವರ್‌ಗೆ ಚೌಕಟ್ಟಿಲ್ಲದ ಗಾಜಿನ ಬಾಗಿಲು ಹಾಕಿಸಬೇಕೆಂದು ಮುಂಬಯಿಯಲ್ಲಿರುವ ಮಗನ ಹಟ. ಅಂಗಡಿಯವರು 8, 10, 12 ಮಿ.ಮೀ. ಎಂದು ಮೂರು ದಪ್ಪಕ್ಕೆ ಮೂರು ದರ ಹೇಳಿದ್ದಾರೆ. ದಪ್ಪ ಗಾಜೇ ಒಳ್ಳೆಯದಲ್ಲವೇ? ನಮ್ಮ ಯಜಮಾನರಿಗೆ ಮಂಡಿನೋವಿದೆ ಎಂಬುದನ್ನೂ ಗಮನಿಸಿ.

ಉತ್ತರ: ಅಕ್ಕೋರೇ, ಕೊನೆಯ ಸಾಲಿನಲ್ಲಿ ಹೇಳಿದ ಮಂಡಿನೋವೇ ನಿಮ್ಮ ಪತ್ರದ ಮುಖ್ಯ ವಿಷಯ. ಅದಕ್ಕೆ ಬರುತ್ತೇನೆ. ಮೊದಲು ದಪ್ಪದ ಲೆಕ್ಕ ಮುಗಿಸೋಣ.

ಗಾಜು ಒಂದು ಮಿ.ಮೀ. ದಪ್ಪವಿದ್ದರೆ ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ಎರಡೂವರೆ ಅಡಿ ಅಗಲ, ಆರೂವರೆ ಅಡಿ ಎತ್ತರದ ಬಾಗಿಲೆಂದರೆ ಸುಮಾರು ಒಂದೂವರೆ ಚದರ ಮೀಟರು. 8 ಮಿ.ಮೀ. ಗಾಜಾದರೆ 30 ಕಿಲೋ, 12 ಆದರೆ 45 ಕಿಲೋ. ಈ ಭಾರವೆಲ್ಲ ಎರಡು ಬಿಜಾಗರಿಗಳ ಮೇಲೆ, ಬಿಜಾಗರಿಯ ಭಾರ ನಿಮ್ಮ ಚಿರೇಕಲ್ಲಿನ ಗೋಡೆಯ ಮೇಲೆ. ತೂತುತೂತಾದ ಆ ಕಲ್ಲಿಗೆ ಬಿಗಿದುಕೊಳ್ಳುವ ಆಂಕರ್ ಬೋಲ್ಟ್ ಹೊಡೆಯುವುದೆಂದರೆ ಮಾಗಿದ ಹಲಸಿನ ಹಣ್ಣಿಗೆ ಮೊಳೆ ಹೊಡೆದಂತೆ. ಮೇಲೆ ಟೈಲ್ಸ್ ಇರುವುದರಿಂದ ಗಟ್ಟಿಯಾಗಿ ಕೂತಿದೆ ಎನಿಸುತ್ತದೆ. ಬಾಗಿಲನ್ನು ದಿನವೂ ತೆರೆದು ಮುಚ್ಚಿದಂತೆ ಬೋಲ್ಟಿನ ಸುತ್ತ ಕಲ್ಲು ಪುಡಿಯಾಗುತ್ತದೆ. ಆದ್ದರಿಂದ ಈ ಅಳತೆಯ ಬಾಗಿಲಿಗೆ 8 ಮಿ.ಮೀ. ಸಾಕು. ಬಾಗಿಲು ಏಳು ಅಡಿ ಎತ್ತರಕ್ಕೆ ಹೋದರೆ 10 ಹಾಕಿಸಿ. 12ರ ದರ ಹೇಳಿದವರು ಮಾರಾಟದ ಚಿಂತೆಯಲ್ಲಿ ಹೇಳಿದ್ದಾರೆ.

ಗೋಡೆ ಹೇಗೂ ಒಡೆದಿದೆಯಲ್ಲ, ಟೈಲ್ಸ್ ಹಾಕುವ ಮೊದಲೇ ಬಿಜಾಗರಿ ಕೂರುವ ಎರಡು ಜಾಗಗಳಲ್ಲಿ ಕಲ್ಲನ್ನು ಅರ್ಧ ಅಡಿ ಆಳಕ್ಕೆ ಕೆತ್ತಿಸಿ ಕಾಂಕ್ರೀಟ್ ತುಂಬಿಸಿ. ಕೆತ್ತಿದ ಜಾಗದ ಅಳತೆಯನ್ನು ಗೋಡೆಯ ಫೋಟೋದೊಂದಿಗೆ ಬರೆದಿಟ್ಟುಕೊಳ್ಳಿ. ಟೈಲ್ಸ್ ಬಿದ್ದ ಮೇಲೆ ಅದು ಎಲ್ಲಿದೆಯೆಂದು ಯಾರಿಗೂ ನೆನಪಿರುವುದಿಲ್ಲ. ಈ ಹಂತ ದಾಟಿದ್ದರೆ ರಾಸಾಯನಿಕ ಅಂಟು ತುಂಬಿ ಕೂರಿಸುವ ಆಂಕರ್ ಕೇಳಿ.

ಇನ್ನು ಲೋಹದ ಮಾತು. ಕಡಲ ಬದಿಯಲ್ಲಿ ಗಾಜಿನ ಬಾಗಿಲು ಹಾಳಾಗುವುದು ಗಾಜಿನಿಂದಲ್ಲ. ಕುಮಟಾದಲ್ಲಿ ಕಟ್ಟಡದ ಕೆಲಸ ಮಾಡಿಸುವ ನಾನು ರಿಪೇರಿಗೆಂದು ಹೋದ ಮನೆಗಳಲ್ಲಿ ಗಾಜು ಫಳಫಳ ಹೊಳೆಯುತ್ತಿರುತ್ತದೆ, ಬಿಜಾಗರಿಯ ಸಂದಿಯಿಂದ ಟೈಲ್ಸಿನ ಮೇಲೆ ಕಂದು ಗೆರೆ ಇಳಿದಿರುತ್ತದೆ. ‘ಸ್ಟೀಲು, ತುಕ್ಕು ಹಿಡಿಯುವುದೇ ಇಲ್ಲ’ ಎಂದು ಅಂಗಡಿಯವರು ಹೇಳಿದರೆ ಯಾವ ಸ್ಟೀಲು ಎಂದು ಕೇಳಿ. 202, 304, 316 ಎಂಬ ಮೂರು ಬಗೆ ಪೇಟೆಯಲ್ಲಿವೆ. 202 ನಿಮ್ಮ ಊರಿಗೆ ಬೇಡವೇ ಬೇಡ. 304 ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಕ್ಕೆ ನಡೆಯುತ್ತದೆ. 316ರಲ್ಲಿ ಶೇಕಡಾ ಎರಡರಿಂದ ಮೂರರಷ್ಟು ಮಾಲಿಬ್ಡಿನಂ ಎಂಬ ಲೋಹ ಬೆರೆತಿರುವುದರಿಂದ ಉಪ್ಪಿನ ಹೊಡೆತವನ್ನು ಹೆಚ್ಚು ತಡೆಯುತ್ತದೆ. ಕೋಡಿಬಾಗಕ್ಕೆ ಅದೇ ಆಗಬೇಕು. ಅಯಸ್ಕಾಂತ ಹಿಡಿದು ನೋಡಿದರೆ 304 ಯಾವುದು, 316 ಯಾವುದು ಎಂದು ತಿಳಿಯುವುದಿಲ್ಲ. ಆ ಪರೀಕ್ಷೆ ತೋರಿಸಿ ಮೆಚ್ಚಿಸುವವರನ್ನು ನಂಬಬೇಡಿ. ಬಿಲ್ಲಿನಲ್ಲಿ ‘316’ ಎಂದು ಬರೆಸಿಕೊಳ್ಳಿ, ಸ್ಕ್ರೂಗಳಿಗೂ ಸೇರಿಸಿ. ಬಿಜಾಗರಿಯನ್ನು 316ರದ್ದು ಕೊಟ್ಟು, ಎಲ್ಲೋ ಡಬ್ಬಿಯಲ್ಲಿ ಬಿದ್ದಿದ್ದ ಸ್ಕ್ರೂಗಳಿಂದ ಬಿಗಿದು ಹೋಗುವವರಿದ್ದಾರೆ. ಕ್ರೋಮ್ ಲೇಪಿಸಿದ ಗಟ್ಟಿ ಹಿತ್ತಾಳೆಯೂ ಆದೀತು. ಹೊಳೆಯುವ ಲೇಪದಡಿ ಸತುವಿನ ಮಿಶ್ರಲೋಹ ಇಟ್ಟ ಅಗ್ಗದ ಮಾಲು ಮಾತ್ರ ಗುಳ್ಳೆಗುಳ್ಳೆಯಾಗಿ ಏಳುತ್ತದೆ.

ಸ್ನಾನದ ಮನೆ ಒಳಗಿದೆ, ಅಲ್ಲಿಗೆ ಸಮುದ್ರದ ಗಾಳಿ ಎಷ್ಟು ಬಂದೀತು ಎಂದು ನಿಮಗೆ ಅನಿಸಬಹುದು. ವೆಂಟಿಲೇಟರಿನಿಂದ ಬರುವಷ್ಟೇ ಸಾಕು. ಹೊರಗಿನ ಗೇಟಿನ ಉಪ್ಪನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ತೊಳೆಯುತ್ತದೆ. ಒಳಗೆ ಕೂತ ಉಪ್ಪನ್ನು ತೊಳೆಯುವವರಿಲ್ಲ. ವಾರಕ್ಕೊಮ್ಮೆ ಬಿಜಾಗರಿ, ಹಿಡಿಕೆಗಳನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಬಾವಿಯ ನೀರು ಬೇಸಿಗೆಯಲ್ಲಿ ತುಸು ಉಪ್ಪಾಗುವ ಮನೆಯಾದರೆ ಆ ನೀರು ಬೇಡ.

ಅಳತೆಯನ್ನು ಟೈಲ್ಸ್ ಮುಗಿದ ಮೇಲೆಯೇ ತೆಗೆಸಿ, ಮೇಲೆ, ನಡುವೆ, ಕೆಳಗೆ ಮೂರು ಕಡೆ. ಹಳೆಯ ಗೋಡೆ ತೂಗುಗುಂಡಿಗೆ ನೇರ ನಿಲ್ಲುವುದು ಅಪರೂಪ. ಶವರಿಗೆ ಹಾಕುವ ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ. ಅದಾದ ಮೇಲೆ ಅದನ್ನು ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬಂದ ಗಾಜು ಅರ್ಧ ಇಂಚು ದೊಡ್ಡದಾಗಿದ್ದರೆ ಮತ್ತೊಂದನ್ನು ಮಾಡಿಸುವುದೊಂದೇ ದಾರಿ. ಗಾಜಿನ ಮೂಲೆಯಲ್ಲಿ ಸುರಕ್ಷತಾ ಗಾಜಿನ ಮಾನಕವಾದ ಐಎಸ್ 2553 ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಅಳಿಸದಂತೆ ಅಚ್ಚಾಗಿರಬೇಕು. ಕಾಗದದ ಚೀಟಿ ಅಂಟಿಸಿದ್ದರೆ ಸಾಲದು.

ಈಗ ಮಂಡಿನೋವು. ಬಾಗಿಲು ಹಾಕಿಸುವುದೇ ಆದರೆ ಹೊರಕ್ಕೆ ತೆರೆಯುವಂತಿರಲಿ. ಒಳಗೆ ಜಾರಿ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತಾರೆ, ಹೊರಗಿನವರು ಏನೂ ಮಾಡಲಾಗುವುದಿಲ್ಲ. ಹೊಸ್ತಿಲು ಕಟ್ಟಿಸಬೇಡಿ, ನೆಲದ ಇಳಿಜಾರಿನಿಂದಲೇ ನೀರು ಹೋಗಲಿ. ಎದ್ದು ನಿಲ್ಲುವಾಗ ಹಿಡಿಯುವ ಸರಳು ಗೋಡೆಯಲ್ಲಿರಬೇಕು, ಅದಕ್ಕೂ ಕಾಂಕ್ರೀಟಿನ ಗಟ್ಟಿ ಜಾಗ ಬೇಕು. ಗಾಜಿನ ಬಾಗಿಲಿನ ಹಿಡಿಕೆಯನ್ನು ಆಸರೆ ಎಂದು ಹಿಡಿಯುವ ಅಭ್ಯಾಸವನ್ನು ಯಜಮಾನರಿಗೆ ಮೊದಲ ದಿನವೇ ತಪ್ಪಿಸಿ.

ನನ್ನನ್ನೇ ಕೇಳಿದರೆ ಬಾಗಿಲೇ ಬೇಡ. ಶವರಿನ ಕಡೆಗೆ ಮೂರು ಅಡಿ ಅಗಲದ ಒಂದೇ ಸ್ಥಿರ ಗಾಜು, ಅದರ ಪಕ್ಕದಲ್ಲಿ ಎರಡೂವರೆ ಅಡಿ ತೆರೆದ ದಾರಿ. ಗಾಜು ಗೋಡೆಯ ಉದ್ದಕ್ಕೂ ಚಾನೆಲ್ ಎಂಬ ಲೋಹದ ತೋಡುಪಟ್ಟಿಯಲ್ಲಿ ಕೂರುವುದರಿಂದ ಭಾರ ಹಂಚಿಹೋಗುತ್ತದೆ. ಬಿಜಾಗರಿ ಇಲ್ಲ, ಅದರ ತುಕ್ಕೂ ಇಲ್ಲ. ನಾಲ್ಕು ಹನಿ ಹೊರಗೆ ಸಿಡಿಯುತ್ತವೆ, ಸಿಡಿಯಲಿ. ಮಗನಿಗೆ ಈ ಪುಟ ಕಳುಹಿಸಿ.

ಪ್ರಶ್ನೆ: ಶಿರಸಿ ಹತ್ತಿರದ ತೋಟದ ಮನೆ ನಮ್ಮದು. ದೊಡ್ಡ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ, ಒಲೆ ಹಾಗೆಯೇ ಇರಬೇಕೆಂದು ಅಪ್ಪ ಹೇಳುತ್ತಾರೆ. ಇನ್ನೊಂದು ಮೂಲೆಯಲ್ಲಿ ಗಾಜಿನ ಶವರ್ ಮಾಡಿಸಬೇಕೆಂದು ನನ್ನ ಹೆಂಡತಿ. ಒಲೆಯ ಶಾಖಕ್ಕೆ ಗಾಜು ಒಡೆಯುವುದಿಲ್ಲವೇ? ಗುಡ್ಡದಿಂದ ಬರುವ ನೀರಿನಿಂದ ಬಕೆಟ್ಟುಗಳೆಲ್ಲ ಕೆಂಪಾಗಿವೆ.

ಉತ್ತರ: ಇಬ್ಬರನ್ನೂ ಒಪ್ಪಿಸಬಹುದು ತಮ್ಮಾ. ಟಫನ್ಡ್ ಗಾಜು 200 ಡಿಗ್ರಿಯಷ್ಟು ಉಷ್ಣತೆಯ ವ್ಯತ್ಯಾಸವನ್ನು ತಡೆಯುತ್ತದೆ. ಹಂಡೆಯ ಬಿಸಿಗೆ ಅದು ಬೆದರುವುದಿಲ್ಲ. ಅದನ್ನು ಕೆಡಿಸುವುದು ಹೊಗೆ. ಒದ್ದೆ ಗಾಜಿನ ಮೇಲೆ ಮಸಿ ಕೂತರೆ ದಿನವೂ ತಿಕ್ಕುವ ಕೆಲಸ ಯಾರದ್ದೆಂದು ನಿಮಗೆ ಗೊತ್ತಿದೆ. ಒಲೆಗೂ ಶವರಿಗೂ ನಡುವೆ ಎದೆಮಟ್ಟಕ್ಕಿಂತ ಎತ್ತರದ ಗೋಡೆ ಕಟ್ಟಿಸಿ, ಹೊಗೆ ಹೊರಹೋಗುವ ದಾರಿಯನ್ನು ಈ ಸಲವೇ ಸರಿಮಾಡಿಸಿ.

ಕೆಂಪು ಕಲೆ ಕಬ್ಬಿಣದ್ದು. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಲೇಬೇಡಿ, ಕಬ್ಬಿಣ ಇನ್ನಷ್ಟು ಆಕ್ಸೈಡ್ ಆಗಿ ಕಲೆ ಗಟ್ಟಿಯಾಗುತ್ತದೆ. ಲಿಂಬೆ ರಸ ಅಥವಾ ಸಿಟ್ರಿಕ್ ಆಮ್ಲದ ತೆಳು ನೀರು ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸ್ನಾನ ಮುಗಿಸಿದವರು ರಬ್ಬರ್ ವೈಪರನ್ನು ಮೇಲಿನಿಂದ ಕೆಳಕ್ಕೆ ಎಳೆದು ಬಂದರೆ ಕಲೆಯೇ ಕೂರುವುದಿಲ್ಲ. ಮಸುಕು ಗಾಜು ಬೇಕೆಂದರೆ ಮರಳು ಹೊಡೆದು ಮಾಡಿದ್ದಕ್ಕಿಂತ ಆಮ್ಲದಿಂದ ಮಾಡಿದ್ದು ಮೇಲು. ಮರಳಿನದು ಕೈಗುರುತನ್ನೂ ಮಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒರಟು ಬದಿ ನೀರು ಬೀಳದ ಕಡೆಗಿರಲಿ. ಗಾಜನ್ನು ಸೂರಿನವರೆಗೆ ಏರಿಸಬೇಡಿ. ನಿಮ್ಮಲ್ಲಿ ಮಳೆಗಾಲದಲ್ಲಿ ಒಣಗಿದ ಬಟ್ಟೆಯೇ ಒದ್ದೆಯಾಗುತ್ತದೆ. ಗಾಳಿಯಾಡದ ಶವರಿನ ಸಂದಿಗಳೆಲ್ಲ ಕಪ್ಪು ಬೂಸ್ಟು. ಸಿಲಿಕೋನ್ ಕೂಡ ಬೂಸ್ಟು ತಡೆಯುವ, ಸ್ನಾನದ ಮನೆಗೆಂದೇ ಮಾಡಿದ ಬಗೆಯದಾಗಿರಲಿ.

ಮನೆಯಲ್ಲಿ ನಿಂತು ಶವರಿನಡಿ ಸ್ನಾನ ಮಾಡುವವರು ಎಷ್ಟು ಜನ, ಬಕೆಟ್ಟು ಚೊಂಬಿನವರು ಎಷ್ಟು ಜನ ಎಂದು ಒಮ್ಮೆ ಎಣಿಸಿ ನೋಡಿ. ಮಣೆ ಹಾಕಿ ಕೂತು ಮೀಯುವವರಿಗೆ ಮೂರಡಿ ಚೌಕದ ಗಾಜಿನ ಗೂಡು ಶಿಕ್ಷೆ.

ಪ್ರಶ್ನೆ: ಗೋಕರ್ಣದಲ್ಲಿ ನಮ್ಮದೊಂದು ಹೋಮ್‌ಸ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ಮಧ್ಯರಾತ್ರಿ ಶವರಿನ ಗಾಜು ತಾನಾಗಿ ಸಿಡಿದು ಪುಡಿಯಾಯಿತು. ಮನೆಯವರು ದೋಷ ಎನ್ನುತ್ತಿದ್ದಾರೆ.

ಉತ್ತರ: ದೋಷ ಹೌದು, ಗಾಜಿನದು. ತಯಾರಿಯಲ್ಲಿ ನಿಕ್ಕಲ್ ಸಲ್ಫೈಡಿನ ಕಣ್ಣಿಗೆ ಕಾಣದಂಥ ಕಣ ಒಳಗೆ ಉಳಿದುಬಿಟ್ಟರೆ ಅದು ಕಾಲಕ್ರಮೇಣ ಹಿಗ್ಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಇಡೀ ಗಾಜನ್ನು ಒಮ್ಮೆಲೇ ಸಿಡಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಣುವುದು ಅಂಚಿನ ಪೆಟ್ಟು: ಟಫನ್ಡ್ ಗಾಜಿನ ನಡುಭಾಗಕ್ಕೆ ಗುದ್ದಿದರೂ ತಡೆದೀತು, ಅಂಚಿಗೆ ಟೈಲ್ಸ್ ತಾಗಿದರೆ ಮುಗಿಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಮೊದಲು ಬಿಜಾಗರಿ ಬಿಚ್ಚಿಸಿ, ಗಾಜಿಗೂ ಲೋಹಕ್ಕೂ ನಡುವೆ ಇರಬೇಕಾದ ರಬ್ಬರಿನ ಹಾಳೆ ಇತ್ತೇ ನೋಡಿ. ಹೊಸ ಗಾಜನ್ನು ‘ಹೀಟ್ ಸೋಕ್’ ಪರೀಕ್ಷೆ ಮಾಡಿಸಿದ್ದೇ ಕೇಳಿ. ಆ ಪರೀಕ್ಷೆಯಲ್ಲಿ, ಒಳಗೆ ಕಣವಿರುವ ಗಾಜು ಬಹುಮಟ್ಟಿಗೆ ಕಾರ್ಖಾನೆಯ ಬಿಸಿಗೂಡಿನಲ್ಲೇ ಒಡೆದುಹೋಗುತ್ತದೆ. ಉಳಿದ ಕೋಣೆಗಳ ಗಾಜಿಗೆ ಸುರಕ್ಷತಾ ಫಿಲ್ಮ್ ಅಂಟಿಸಿ, ಒಡೆದರೂ ಚೂರುಗಳು ಅತಿಥಿಗಳ ಬರಿಗಾಲಿನಡಿಗೆ ಚೆಲ್ಲುವುದಿಲ್ಲ.