ಪಿಟೀಲಿನ ಪಾಠ ಪುಕ್ಕಟೆಯೇ?

ದಾವಣಗೆರೆಯಿಂದ ಬಂದ ನಾಲ್ಕು ಪುಟದ ಪತ್ರ ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಸಿಟ್ಟು ಇನ್ನೂ ಆರಿಲ್ಲ.

ಬರೆದ ಯುವತಿಗೆ 24 ವರ್ಷ. ಎಂಟನೇ ವಯಸ್ಸಿನಿಂದ ಊರಿನ ಗುರುಗಳ ಬಳಿ ಕರ್ನಾಟಕ ಸಂಗೀತದ ಪಿಟೀಲು ಕಲಿತವರು. ಬೆಂಗಳೂರಿನಲ್ಲಿ ಓದುವಾಗ ಪಾಶ್ಚಾತ್ಯ ಪಿಟೀಲು ಹಿಡಿದರು, ಅಲ್ಲಿಂದ ಬರೋಕ್‌ಗೆ ಬಂದರು. ಎಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತವನ್ನು ಆ ಕಾಲದ ಬಗೆಯ ವಾದ್ಯ, ಕಮಾನುಗಳಲ್ಲೇ ನುಡಿಸುವುದು. ಬೆಂಗಳೂರಿನ ಶಿಕ್ಷಕಿ ತಮ್ಮ ಕಮಾನನ್ನೇ ಎರವಲು ಕೊಟ್ಟು, ಮುಂದೆ ಕಲಿಯಲು ನೆದರ್ಲೆಂಡ್ಸ್‌ನ ಹೇಗ್‌ಗೋ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೋ ಅರ್ಜಿ ಹಾಕು ಎನ್ನುತ್ತಿದ್ದಾರೆ. ಮನೆಯವರು ಊರಲ್ಲೇ ಮಕ್ಕಳಿಗೆ ಪಾಠ ಹೇಳಿಕೊಂಡಿರು ಎನ್ನುತ್ತಿದ್ದಾರೆ. ಹೋಗಲೇ, ಉಳಿಯಲೇ, ಹೋದರೆ ಗುರುದ್ರೋಹವೇ ಎಂಬುದು ಪ್ರಶ್ನೆ.

ಗುರುದ್ರೋಹದ ಮಾತನ್ನು ಮೊದಲು ಮುಗಿಸಿಬಿಡೋಣ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ವಾದಕನೊಬ್ಬನಿಂದ ಕಲಿತು ಈ ವಾದ್ಯವನ್ನು ನಮ್ಮದಾಗಿಸಿಕೊಂಡವರಲ್ಲಿ ಮೊದಲಿಗರು. ಅವರು ನಡೆದ ದಾರಿಯಲ್ಲೇ ನೀವು ಎದುರು ದಿಕ್ಕಿಗೆ ಹೊರಟಿದ್ದೀರಿ, ಅಷ್ಟೇ. ನಿಧಾನ ಗತಿಯಲ್ಲಿ ಬೆರಳು ತಾನಾಗಿ ನಮ್ಮ ಸಂಗೀತದ ಗಮಕಕ್ಕೆ, ಸ್ವರವನ್ನು ತೂಗಾಡಿಸುವುದಕ್ಕೆ, ಜಾರುತ್ತದೆಂದು ನಾಚಿಕೊಂಡಿದ್ದೀರಿ. ಪ್ರತಿ ಸ್ವರವನ್ನೂ ನಡುಗಿಸುವವರನ್ನು ಸಂಗೀತಗಾರ ಮೊಜಾರ್ಟನ ತಂದೆ ಲಿಯೊಪೋಲ್ಡ್ ಮೊಜಾರ್ಟ್ 1756ರ ತನ್ನ ಪಿಟೀಲು ಕೈಪಿಡಿಯಲ್ಲಿ ಗೇಲಿ ಮಾಡಿದ್ದಾನೆ, ನಿಜ. ಆದರೆ ಇಟಲಿಯ ಕೊರೆಲ್ಲಿಯ 1700ರ ಪಿಟೀಲು ಸೊನಾಟಾಗಳ ನಿಧಾನ ಭಾಗಗಳಲ್ಲಿ ಅಚ್ಚಾದದ್ದು ಬರಿಯ ಹಂದರ. ಬಳ್ಳಿ ಹಬ್ಬಿಸುವುದು ನುಡಿಸುವವರ ಕೆಲಸ. ಜೊತೆಗೆ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿಮಣೆ ವಾದ್ಯ ನುಡಿಸುವವರ ಮುಂದಂತೂ ಮಂದ್ರದ ಒಂದೇ ಸಾಲು, ಮೇಲೆ ಯಾವ ಸ್ವರ ಸೇರಿಸಬೇಕೆಂದು ಸೂಚಿಸುವ ಕೆಲವು ಅಂಕಿಗಳು. ಮಿಕ್ಕದ್ದನ್ನು ನುಡಿಸುತ್ತಲೇ ಕಟ್ಟಬೇಕು, ಅದಕ್ಕೆ ನಮ್ಮಲ್ಲಿ ಮನೋಧರ್ಮ ಎನ್ನುತ್ತಾರೆ. ಅದನ್ನು ನಿಮಗೆ ಕಲಿಸಿದವರು ನಿಮ್ಮ ಗುರುಗಳೇ ತಾನೇ? ಹೋಗಿ ಅವರಿಗೆ ನುಡಿಸಿ ತೋರಿಸಿ.

ತಂತಿ ಕುರಿಯ ಕರುಳಿನದೆಂದು ತಿಳಿದ ದಿನವೇ ಅಮ್ಮ ಪಿಟೀಲನ್ನು ದೇವರ ಮನೆಯಿಂದ ಹೊರಗಿಟ್ಟರು ಎಂದು ಬೇಸರಪಟ್ಟಿದ್ದೀರಿ. ಮೃದಂಗದ ಚರ್ಮ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ. ಅಮ್ಮನ ಮೇಲೆ ನನಗೆ ಕೋಪವಿಲ್ಲ. ದೀಪದ ಕಾವಿನಿಂದ ದೂರವಿದ್ದರೆ ಕರುಳಿನ ತಂತಿಗೂ ಒಳ್ಳೆಯದೇ.

ನನ್ನ ಕೋಪ ಮೂರನೇ ಪುಟದ ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ ನೀವು ಅಡಗಿಸಿಟ್ಟ ಮಾತಿನ ಮೇಲೆ: ‘ಸದ್ಯ ಹನ್ನೊಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ಇಬ್ಬರು ಮಾವನ ಮಕ್ಕಳೇ. ವಿದ್ಯೆ ಮಾರಬಾರದು ಎಂದು ಮಾವ ಹೇಳುವುದರಿಂದ ಫೀಸು ತೆಗೆದುಕೊಳ್ಳುವುದಿಲ್ಲ.’

ಈ ಸೋದರಮಾವ ಮೆಕ್ಕೆಜೋಳದ ದಲಾಲಿ ಮಂಡಿ ನಡೆಸುವವರೆಂದು ಒಂದನೇ ಪುಟದಲ್ಲಿ ನೀವೇ ಬರೆದಿದ್ದೀರಿ. ರೈತ ಬೆಳೆದ ಕಾಳು ಈ ತಕ್ಕಡಿಯಿಂದ ಆ ಚೀಲಕ್ಕೆ ಹೋಗುವುದರೊಳಗೆ ಕಮಿಷನ್ ಮುರಿದುಕೊಳ್ಳುವವರು, ಹದಿನಾರು ವರ್ಷ ತೇಯ್ದ ನಿಮ್ಮ ಬೆರಳುಗಳಿಗೆ ಬೆಲೆ ಇಲ್ಲ ಎನ್ನುತ್ತಾರೆ. ಮೇಲಿನ ತೆಳು ತಂತಿ ಪಟ್ಟೆಂದು ಹರಿದಾಗ ನೀವು ಹೊಸದಕ್ಕಾಗಿ ಅಪ್ಪನ ಮುಂದೆ ಕೈಯೊಡ್ಡುತ್ತೀರಿ.

ಚಿತ್ರದುರ್ಗದಲ್ಲಿ ನನಗೆ ಹಾಡು ಕಲಿಸಿದ ಮೇಷ್ಟ್ರು ಕೂಡ ಫೀಸು ಮುಟ್ಟುತ್ತಿರಲಿಲ್ಲ. ಊರೆಲ್ಲ ಕೈಮುಗಿಯುತ್ತಿತ್ತು. ತಿಂಗಳ ಕೊನೆಗೆ ಅವರ ಹೆಂಡತಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದು, ಸೆರಗಿನ ಅಡಿಯಲ್ಲಿ ಪಾತ್ರೆ ಹಿಡಿದು, ಅಮ್ಮನ ಹತ್ತಿರ ಒಂದು ಸೇರು ಅಕ್ಕಿ ಕೈಗಡ ಕೇಳುತ್ತಿದ್ದರು. ಪಾತ್ರೆ ಸದ್ದಾಗದಂತೆ ಅಮ್ಮ ಅಕ್ಕಿಯನ್ನು ಅಂಗೈಯಿಂದ ಸುರಿಯುತ್ತಿದ್ದಳು. ಒಳಗೆ ನಾನು ಅದೇ ಮೇಷ್ಟ್ರ ವರ್ಣ ಸಾಧನೆ ಮಾಡುತ್ತಿದ್ದೆ.

ಈ ಅಂಕಣದಲ್ಲಿ ಎಷ್ಟನೆಯ ಸಲವೋ ಬರೆಯುತ್ತಿದ್ದೇನೆ, ಓದುಗರು ಬೇಸರಿಸಲಿ: ಹೆಣ್ಣುಮಗಳ ದುಡಿಮೆ ಅವಳ ಹೆಸರಿನ ಪಾಸ್‌ಬುಕ್ಕಿನಲ್ಲಿ ಕಾಣಬೇಕು. ಹೇಗ್, ಬಾಸೆಲ್ ಎಲ್ಲ ಆಮೇಲೆ. ನಾಳೆ ಕಮಾನು ವಾಪಸು ಕೊಡಬೇಕಾಗಿ ಬಂದರೆ ಸ್ವಂತದ್ದು ಕೊಳ್ಳುವ ದುಡ್ಡು ಎಲ್ಲಿದೆ? ಅರ್ಜಿಯ ಶುಲ್ಕ? ಹೋಗುವುದೋ ಉಳಿಯುವುದೋ ಎಂದು ಈಗ ನೀವು ಆರಿಸುತ್ತಿಲ್ಲ, ದುಡ್ಡಿಲ್ಲದ್ದಕ್ಕೆ ಉಳಿದಿದ್ದೀರಿ.

ಮಾಡಬೇಕಾದದ್ದು ಒಂದೇ. ಬರುವ ತಿಂಗಳ ಒಂದನೇ ತಾರೀಖಿನಿಂದ ಮಗುವೊಂದಕ್ಕೆ ಒಂದು ಸಾವಿರ ರೂಪಾಯಿ. ಕಾರಣ ಹೇಳಬೇಡಿ, ಕ್ಷಮೆ ಕೇಳಬೇಡಿ. ಪೇಟೆಯಿಂದ ರಸೀದಿ ಪುಸ್ತಕ ತನ್ನಿ, ಮೊದಲ ಹಾಳೆಯನ್ನು ಮಾವನ ಹೆಸರಿಗೆ ಬರೆಯಿರಿ. ಇಬ್ಬರು ಮಕ್ಕಳು, ಎರಡು ಸಾವಿರ.