53ರ ಒಳಗೆ ಯಾರು, ಹೊರಗೆ ಯಾರು?

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಹೆಚ್ಚಿನವು ಆಟದ ಬಗ್ಗೆ ಅಲ್ಲ, ತಂಡದಲ್ಲಿ ಇರುವ ಜನರ ಬಗ್ಗೆ. ಓದಿ ಖುಷಿಯಾಯಿತು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಅರ್ಥವಾಗಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ನಾನು ಮೈಸೂರಿನವಳು. ಮಗನ ಮನೆಗೆ ಅಂತ ವಿಸ್ಕಾನ್ಸಿನ್‌ಗೆ ಬಂದಿದ್ದೇನೆ. ಭಾನುವಾರ ಬಂದರೆ ಮಗ, ಸೊಸೆ, ಮೊಮ್ಮಗ ಹಸಿರು ಜೆರ್ಸಿ ಹಾಕಿಕೊಂಡು ಟಿವಿ ಮುಂದೆ ಕೂರುತ್ತಾರೆ. ನಾನೂ ಜೊತೆಗೆ ಕೂರುತ್ತೇನೆ. ಮೈದಾನದಲ್ಲಿ ಆಡುವವರು 11 ಜನ, ಗೆರೆಯ ಆಚೆ ನಿಂತವರು ಮದುವೆ ದಿಬ್ಬಣದಷ್ಟು! ಇಷ್ಟು ಜನ ಯಾಕೆ? ತಂಡದಲ್ಲಿ 53 ಜನ ಅಂತಾನೆ ಮೊಮ್ಮಗ, ಅಲ್ಲ 48 ಅಂತಾನೆ ಮಗ. ಯಾರು ಸರಿ?

ಇಬ್ಬರೂ ಸರಿ, ಅಮ್ಮ.

ಕ್ರಿಕೆಟ್‌ನಲ್ಲಿ ಬ್ಯಾಟ್ ಮಾಡಿದವರೇ ಆಮೇಲೆ ಫೀಲ್ಡಿಂಗ್‌ಗೂ ಇಳಿಯುತ್ತಾರೆ. ಇಲ್ಲಿ ಹಾಗಲ್ಲ. ಚೆಂಡು ನಮ್ಮ ಕೈಯಲ್ಲಿದ್ದಾಗ ಆಡುವ 11 ಜನ ಬೇರೆ, ಎದುರಾಳಿಯ ಕೈಯಲ್ಲಿದ್ದಾಗ ತಡೆಯುವ 11 ಜನ ಬೇರೆ. ಒದೆಯುವ ಕೆಲಸಕ್ಕೆ ಕಿಕ್ಕರ್, ಪಂಟರ್ ಅಂತ ಇನ್ನಿಬ್ಬರು. ಲಾಂಗ್ ಸ್ನ್ಯಾಪರ್ ಅಂತ ಒಬ್ಬನಿರುತ್ತಾನೆ, ಮುಂದಿನ ಸಲ ಗಮನಿಸಿ. ಬಗ್ಗಿ ನಿಂತು, ಕಾಲಿನ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಪಂಟರ್ ನಿಂತಿರುವುದು ಸುಮಾರು 15 ಗಜ ಹಿಂದೆ. ಚೆಂಡು ನೇರ ಅವನ ಕೈಗೆ ಹೋಗಬೇಕು. ಇಡೀ ವರ್ಷ ಅವನಿಗೆ ಅದೊಂದೇ ಕೆಲಸ. ಅದು ಒಮ್ಮೆ ತಪ್ಪಿದರೆ ಪಂದ್ಯವೇ ಕೈ ಬಿಟ್ಟು ಹೋಗಬಹುದು.

ಇನ್ನು ಪೆಟ್ಟು. ಪ್ರತಿ ವಾರ ಯಾರಾದರೂ ಒಬ್ಬರು ಮೊಣಕಾಲನ್ನೋ ಭುಜವನ್ನೋ ಹಿಡಿದುಕೊಂಡು ಹೊರಗೆ ಹೋಗುತ್ತಾರೆ. ಹಾಗಾಗಿ ಪ್ರತಿ ಜಾಗಕ್ಕೂ ಬದಲಿ ಆಟಗಾರ ಬೇಕು, ಕೆಲವು ಜಾಗಕ್ಕೆ ಇಬ್ಬರು ಬೇಕು. ಎಲ್ಲ ಸೇರಿ 53. ಇದು ತಂಡದ ಮುಖ್ಯ ಪಟ್ಟಿ. ಪಂದ್ಯದ ದಿನ ಅವರೆಲ್ಲರೂ ಆಡುವ ಹಾಗಿಲ್ಲ. ಚೆಂಡು ನಮ್ಮ ಕೈಯಲ್ಲಿದ್ದಾಗ ಮುಂದಿನ ಸಾಲಿನಲ್ಲಿ ನಿಲ್ಲುವ ದಪ್ಪ ಆಸಾಮಿಗಳಿದ್ದಾರಲ್ಲ, ಆ ಲೈನ್‌ಮನ್‌ಗಳು ಕನಿಷ್ಠ 8 ಜನ ಇದ್ದರೆ 48 ಮಂದಿಗೆ ಅವಕಾಶ. ಇಲ್ಲದಿದ್ದರೆ 47. 2020ಕ್ಕೆ ಮುಂಚೆ 46 ಇತ್ತು. ಉಳಿದವರ ಹೆಸರನ್ನು ಪಂದ್ಯಕ್ಕೆ 90 ನಿಮಿಷ ಮುಂಚೆ ಹೇಳುತ್ತಾರೆ. ಅವರು ಮಾಮೂಲಿ ಬಟ್ಟೆಯಲ್ಲೇ ನಿಂತು ನೋಡುತ್ತಾರೆ. ಮೊಮ್ಮಗ ಹೇಳಿದ್ದು ವಾರದ ಲೆಕ್ಕ, ಮಗ ಹೇಳಿದ್ದು ಭಾನುವಾರದ ಲೆಕ್ಕ.

ನಾನು ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಊರು ಹಾಸನ. ಆಗಸ್ಟ್ ಕೊನೆಯಲ್ಲಿ ಒಂದೇ ದಿನ ಸಾವಿರಕ್ಕೂ ಜಾಸ್ತಿ ಆಟಗಾರರನ್ನು ತೆಗೆದುಹಾಕುತ್ತಾರೆ ಅಂತ ಸಹೋದ್ಯೋಗಿ ಹೇಳಿದ. ನಿಜಾನಾ? ಅವರೆಲ್ಲ ಎಲ್ಲಿಗೆ ಹೋಗುತ್ತಾರೆ?

ನಿಜ. ಬೇಸಿಗೆಯಲ್ಲಿ ಪ್ರತಿ ತಂಡವೂ 90 ಜನರನ್ನು ಇಟ್ಟುಕೊಳ್ಳಬಹುದು. ಸೀಸನ್ ಶುರುವಾಗುವ ಮುಂಚೆ ಅದು 53ಕ್ಕೆ ಇಳಿಯಬೇಕು. ಅಂದರೆ ತಂಡಕ್ಕೆ 37 ಜನ. 32 ತಂಡಗಳಿಗೆ ಗುಣಿಸಿದರೆ 1,184. ಮುಂಚೆ ಇದನ್ನು ಹಂತ ಹಂತವಾಗಿ ಮಾಡುತ್ತಿದ್ದರು. 2023ರಿಂದ ಎಲ್ಲಕ್ಕೂ ಒಂದೇ ಗಡುವು.

ಆ ದಿನ ಹೇಗಿರುತ್ತೆ ಅಂತ ಸ್ವಲ್ಪ ಊಹಿಸಿಕೊಳ್ಳಿ. ಹುಡುಗ ಬೆಳಿಗ್ಗೆ ಎದ್ದು ತಿಂಡಿಗೆ ಹೋಗುತ್ತಾನೆ. ತಂಡದ ಸಿಬ್ಬಂದಿಯೊಬ್ಬರು ಹತ್ತಿರ ಬಂದು, 'ಕೋಚ್ ಕರೀತಿದ್ದಾರೆ, ಪ್ಲೇಬುಕ್ ತಗೊಂಡು ಬಾ' ಅನ್ನುತ್ತಾರೆ. ಈ ಸುದ್ದಿ ತರುವವರಿಗೆ ಆಟಗಾರರು ಇಟ್ಟಿರುವ ಹೆಸರು 'ಟರ್ಕ್'. ಪ್ಲೇಬುಕ್ ಅಂದರೆ ತಂಡದ ಆಟದ ಗುಟ್ಟೆಲ್ಲ ಇರುವ ಪುಸ್ತಕ. ಈಗ ಅದು ಟ್ಯಾಬ್ಲೆಟ್ ಆಗಿದೆ. ಅದನ್ನು ವಾಪಸ್ ಕೇಳಿದರು ಅಂದರೆ ಮುಂದೆ ಏನೂ ಹೇಳಬೇಕಾಗಿಲ್ಲ. ಇಷ್ಟು ದಿನ ಕ್ಯಾಂಪಿನಲ್ಲಿ ಬೆವರು ಸುರಿಸಿದ್ದಕ್ಕೆ ಅವನಿಗೆ ಸಿಕ್ಕಿರುವುದು ವಾರದ ಭತ್ಯೆ ಮಾತ್ರ. ನಿಜವಾದ ಸಂಬಳ ಶುರುವಾಗುವುದು ಸೀಸನ್‌ನ ಮೊದಲ ವಾರದಿಂದ.

ಆಮೇಲೆ ದಾರಿ ಎರಡಾಗುತ್ತದೆ. ಲೀಗ್‌ನಲ್ಲಿ ನಾಲ್ಕು ಸೀಸನ್ ಪೂರೈಸಿದ ಹಿರಿಯನಾದರೆ ಅಲ್ಲಿಂದಲೇ ಸ್ವತಂತ್ರ. ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಅದಕ್ಕಿಂತ ಕಡಿಮೆ ಇದ್ದರೆ 'ವೇವರ್ಸ್'ಗೆ ಹೋಗುತ್ತಾನೆ. ಸರಳವಾಗಿ ಹೇಳುವುದಾದರೆ, 'ಇವನನ್ನು ನಾವು ಬಿಟ್ಟಿದ್ದೇವೆ, ಬೇಕಾದವರು ಹೇಳಿ' ಅಂತ ಉಳಿದ 31 ತಂಡಗಳಿಗೂ ಕೂಗಿ ಹೇಳಿದ ಹಾಗೆ. ಸಾಮಾನ್ಯವಾಗಿ 24 ಗಂಟೆ ಸಮಯ. ಇಬ್ಬರು ಕೇಳಿದರೆ ಹಿಂದಿನ ವರ್ಷ ಜಾಸ್ತಿ ಸೋತ ತಂಡಕ್ಕೆ ಮೊದಲ ಹಕ್ಕು. ಆದರೆ ಕೇಳಿದವರು ಅವನನ್ನು ತಮ್ಮ 53ರಲ್ಲೇ ಇಟ್ಟುಕೊಳ್ಳಬೇಕು. ಅದಕ್ಕೆ ತಮ್ಮವನೊಬ್ಬನನ್ನು ಕಳಿಸಬೇಕು. ಹಾಗಾಗಿ ಬಹಳಷ್ಟು ಹುಡುಗರನ್ನು ಯಾರೂ ಕೇಳುವುದಿಲ್ಲ. 24 ಗಂಟೆ ಕಳೆದ ಮೇಲೆ ಹಳೆಯ ತಂಡದಿಂದಲೇ ಫೋನ್ ಬರಬಹುದು: 'ಪ್ರಾಕ್ಟೀಸ್ ಸ್ಕ್ವಾಡ್‌ಗೆ ಬರ್ತೀಯಾ?' ಅಂದರೆ 53ರ ಹೊರಗಿನ ಅಭ್ಯಾಸದ ಗುಂಪಿಗೆ. ಕೆಲವರಿಗೆ ಬೇರೆ ತಂಡದಿಂದ ಬರುತ್ತದೆ. ತುಂಬಾ ಜನರಿಗೆ ಫೋನೇ ಬರುವುದಿಲ್ಲ. ಅವರು ಊರಿಗೆ ಹೋಗುತ್ತಾರೆ, ಜಿಮ್‌ನಲ್ಲಿ ಅಭ್ಯಾಸ ಮಾಡುತ್ತಾ ಕಾಯುತ್ತಾರೆ.

ನಾನು ಯಾವಾಗಲೂ ನೆನೆಯುವುದು ರಹೀಮ್ ಮೋಸ್ಟರ್ಟ್ ಅವರನ್ನು. ತಂಡಗಳು ಸರದಿಯಂತೆ ಕಾಲೇಜಿನ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ 'ಡ್ರಾಫ್ಟ್' ಅನ್ನುತ್ತಾರೆ. 2015ರಲ್ಲಿ ಅದರ ಏಳು ಸುತ್ತಿನಲ್ಲೂ ಯಾರೂ ಅವರನ್ನು ಆರಿಸಲಿಲ್ಲ. ಒಂದಾದ ಮೇಲೊಂದು ಆರು ತಂಡಗಳು ಕೈಬಿಟ್ಟವು. ಯಾವ ತಂಡ ಯಾವ ದಿನ ತೆಗೆದುಹಾಕಿತು ಅಂತ ಅವರು ಬರೆದಿಟ್ಟುಕೊಂಡಿದ್ದರು, ಪಂದ್ಯಕ್ಕೆ ಮುಂಚೆ ಅದನ್ನು ನೋಡುತ್ತಿದ್ದರು. ಏಳನೇ ತಂಡ ಸ್ಯಾನ್ ಫ್ರಾನ್ಸಿಸ್ಕೊ. 2020ರ ಜನವರಿಯಲ್ಲಿ ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ, ಹೋಗುವ ಪಂದ್ಯದಲ್ಲಿ, ಗ್ರೀನ್ ಬೇ ವಿರುದ್ಧ, ಚೆಂಡು ಹಿಡಿದು 220 ಗಜ ಓಡಿದರು. ನಾಲ್ಕು ಟಚ್‌ಡೌನ್, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರು. ಆ 1,184ರಲ್ಲಿ ಇಂಥವರೂ ಇರುತ್ತಾರೆ ಅನ್ನುವುದಕ್ಕೇ ನನಗೆ ಆಗಸ್ಟ್ ಕೊನೆಯ ಪಟ್ಟಿಗಳನ್ನು ಸುಮ್ನೆ ಕಣ್ಣಾಡಿಸಿ ಬಿಡಲು ಆಗುವುದಿಲ್ಲ.

ದಾವಣಗೆರೆಯಿಂದ ಒಬ್ಬ ವಿದ್ಯಾರ್ಥಿ. ಪ್ರಾಕ್ಟೀಸ್ ಸ್ಕ್ವಾಡ್ ಅಂದರೆ ನಮ್ಮ ಕ್ರಿಕೆಟ್‌ನ ನೆಟ್ ಬೌಲರ್‌ಗಳ ತರಹಾನಾ? ಅವರಿಗೆ ಸಂಬಳ ಇರುತ್ತಾ? ಯಾವತ್ತಾದರೂ ಆಡ್ತಾರಾ?

ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ. ನೆಟ್ ಬೌಲರ್‌ನ ಹಾಗೆ ಇವರೂ ಮುಖ್ಯ ಆಟಗಾರರಿಗೆ ಅಭ್ಯಾಸ ಮಾಡಿಸುತ್ತಾರೆ. ಆದರೆ ಇವರು ತಂಡದ ಸಂಬಳದ ಆಟಗಾರರು. ಒಂದು ತಂಡಕ್ಕೆ 16 ಜನ. 2019ರವರೆಗೆ 10 ಇತ್ತು. ಕೋವಿಡ್ ವರ್ಷದಲ್ಲಿ ಯಾರು ಯಾವಾಗ ಹೊರಗುಳಿಯುತ್ತಾರೋ ಗೊತ್ತಿಲ್ಲದ ಕಾರಣ ಹೆಚ್ಚಿಸಿದರು. ಆ ಸಂಖ್ಯೆ ಹಾಗೇ ಉಳಿಯಿತು. ಮುಂಚೆ ಇದು ಹೊಸಬರ ಜಾಗ ಆಗಿತ್ತು. ಈಗ 16ರಲ್ಲಿ ಆರು ಜನ ಎಷ್ಟೇ ವರ್ಷ ಆಡಿದವರಾದರೂ ಆಗಬಹುದು.

ಬುಧವಾರ ಅಥವಾ ಗುರುವಾರದ ಅಭ್ಯಾಸಕ್ಕೆ ಹೋದರೆ ಇವರ ಕೆಲಸ ಕಾಣುತ್ತದೆ. ಸಹಾಯಕ ಕೋಚ್ ಕೈಯಲ್ಲಿ ದೊಡ್ಡ ಕಾರ್ಡು ಹಿಡಿದು ನಿಲ್ಲುತ್ತಾರೆ. ಅದರಲ್ಲಿ ಈ ಭಾನುವಾರದ ಎದುರಾಳಿ ಆಡುವ ಒಂದು ಆಟದ ಚಿತ್ರ. ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆ ಓಡಬೇಕು ಅಂತ ಗೆರೆ ಎಳೆದಿರುತ್ತಾರೆ. ಪ್ರಾಕ್ಟೀಸ್ ಸ್ಕ್ವಾಡ್ ಹುಡುಗರು ಅದನ್ನು ಕೆಲವೇ ಸೆಕೆಂಡ್ ನೋಡಿ, ಎದುರಾಳಿಯ ಹಾಗೇ ಆಡಬೇಕು. ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಚೆಂಡು ಹಿಡಿದು ಓಡುವವನಾದರೆ, ಆ ವಾರ ಇವರಲ್ಲಿ ವೇಗವಾಗಿ ಓಡುವವನೊಬ್ಬ ಅವನ ಪಾತ್ರ ಮಾಡುತ್ತಾನೆ. ಮುಂದಿನ ವಾರ ಇನ್ನೊಬ್ಬನ ಪಾತ್ರ. ಭಾನುವಾರ ನಮ್ಮವರು ಎದುರಾಳಿಯ ಆಟ ಮೊದಲೇ ಗೊತ್ತಿದ್ದವರ ಹಾಗೆ ಮುನ್ನುಗ್ಗಿ ತಡೆದರೆ, ಅದರ ಹಿಂದೆ ಈ ಹುಡುಗರ ಗುರುವಾರ ಇರುತ್ತದೆ. ಟಿವಿಯಲ್ಲಿ ಇವರ ಹೆಸರು ಯಾರೂ ಹೇಳುವುದಿಲ್ಲ. ಹೇಳಬೇಕು ಅನ್ನುವುದು ನನ್ನ ಆಸೆ.

ಸಂಬಳದ ವಿಷಯ. 2025ರಲ್ಲಿ ಪ್ರಾಕ್ಟೀಸ್ ಸ್ಕ್ವಾಡ್‌ನ ಹೊಸಬನಿಗೆ ವಾರಕ್ಕೆ ಕನಿಷ್ಠ 13,000 ಡಾಲರ್. 18 ವಾರವೂ ಉಳಿದರೆ 2,34,000. ಅದೇ ವರ್ಷ 53ರ ಒಳಗಿದ್ದ ಹೊಸಬನಿಗೆ ಕನಿಷ್ಠ 8,40,000 ಡಾಲರ್. ಒಂದೇ ಊಟದ ಹಾಲ್, ಒಂದೇ ಜಿಮ್, ಆದರೆ ಸಂಬಳದಲ್ಲಿ ಮೂರೂವರೆ ಪಟ್ಟು ಅಂತರ. 13,000 ಡಾಲರ್ ಕೇಳೋಕೆ ದೊಡ್ಡ ಮೊತ್ತವೇ. ಆದರೆ ಅದು ವಾರದ ಲೆಕ್ಕ. ಮಂಗಳವಾರ ಕರೆದು 'ಸಾಕು' ಅಂದರೆ ಅಲ್ಲಿಗೆ ನಿಂತಿತು. ಮನೆ ಬಾಡಿಗೆಗೆ ಹಿಡಿಯುವುದೋ ಹೋಟೆಲ್‌ನಲ್ಲೇ ಇರುವುದೋ ಅಂತ ಯೋಚಿಸುವವರು ಇವರು.

ಆಡುವ ದಾರಿಯೂ ಇದೆ. ಪ್ರತಿ ಪಂದ್ಯಕ್ಕೆ ತಂಡವು ಇಬ್ಬರನ್ನು ಮೇಲಕ್ಕೆ ಕರೆಯಬಹುದು. ಆ ದಿನ 53 ಹೋಗಿ 55 ಆಗುತ್ತದೆ. ಪಂದ್ಯ ಮುಗಿದ ಮೇಲೆ ಅವರು ಮತ್ತೆ ಹಳೆಯ ಜಾಗಕ್ಕೆ. ಒಬ್ಬನನ್ನು ಹೀಗೆ ಸೀಸನ್‌ನಲ್ಲಿ ಮೂರು ಸಲ ಮಾತ್ರ ಕರೆಯಬಹುದು. ನಾಲ್ಕನೇ ಸಲ ಬೇಕೆಂದರೆ 53ರೊಳಗೆ ಸೇರಿಸಿಕೊಂಡು ಪೂರ್ತಿ ಸಂಬಳ ಕೊಡಬೇಕು. ಒಳ್ಳೆಯ ನಿಯಮ. ಇಲ್ಲದಿದ್ದರೆ ಕಡಿಮೆ ಸಂಬಳಕ್ಕೆ ವರ್ಷವಿಡೀ ಆಡಿಸಿಬಿಡುತ್ತಿದ್ದರು.

ಎರಡು ಕಥೆ ಹೇಳುತ್ತೇನೆ. 2020ರ ನವೆಂಬರ್‌ನಲ್ಲಿ ಡೆನ್ವರ್ ತಂಡದ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಕೋವಿಡ್ ಬಂತು. ಅವನ ಹತ್ತಿರ ಇದ್ದರು ಅಂತ ಉಳಿದ ಮೂವರನ್ನೂ ಶನಿವಾರ ಹೊರಗಿಟ್ಟರು. ಭಾನುವಾರ ಪಂದ್ಯ. ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಕೆಂಡಾಲ್ ಹಿಂಟನ್ ಅಂತ ಚೆಂಡು ಹಿಡಿಯುವ ಹುಡುಗ ಇದ್ದ. ಕಾಲೇಜಿನಲ್ಲಿ ಒಂದಷ್ಟು ಕಾಲ ಕ್ವಾರ್ಟರ್‌ಬ್ಯಾಕ್ ಆಡಿದ್ದ. ಅವನನ್ನೇ ಇಳಿಸಿದರು. ಆ ಜಾಗದಲ್ಲಿ ತಂಡದ ಜೊತೆ ಒಂದು ದಿನದ ಅಭ್ಯಾಸವೂ ಇಲ್ಲ. ಒಂಬತ್ತು ಸಲ ಎಸೆದ, ಒಂದು ಸರಿಯಾಗಿ ತಲುಪಿತು, 13 ಗಜ. ನ್ಯೂ ಓರ್ಲಿಯನ್ಸ್ ಎದುರು 31-3ರಿಂದ ಸೋತರು. ಆ ಒಂದು ಎಸೆತ ತಲುಪಿದಾಗ ಜೊತೆಗಾರರು ಕುಣಿದಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಕಿ ನೋಡಿ ಕೆಲವರು ನಕ್ಕರು. ನನಗೆ ಮಾತ್ರ ಅದು ಆ ಸೀಸನ್‌ನ ದೊಡ್ಡ ಧೈರ್ಯದ ಆಟ. ಅವತ್ತು ಅವನು ತೋಳಿಗೆ ಕಟ್ಟಿಕೊಂಡಿದ್ದ ಪಟ್ಟಿ ಓಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್, ಅಂದರೆ ಈ ಆಟದ ವಸ್ತು ಸಂಗ್ರಹಾಲಯ, ಸೇರಿತು.

ಇನ್ನೊಬ್ಬರು ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೊ. 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ. 2023ರ ನವೆಂಬರ್‌ನಲ್ಲಿ, 38ನೇ ವಯಸ್ಸಿನಲ್ಲಿ, ಯಾವ ತಂಡವೂ ಇಲ್ಲದೆ ಮನೆಯಲ್ಲಿದ್ದರು. ಕ್ಲೀವ್‌ಲ್ಯಾಂಡ್ ಕರೆದು ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸೇರಿಸಿಕೊಂಡಿತು. ಎರಡೇ ವಾರದಲ್ಲಿ ಮೈದಾನಕ್ಕೆ ಇಳಿದರು. ಐದು ಪಂದ್ಯ ಆಡಿ ನಾಲ್ಕು ಗೆದ್ದರು, ತಂಡ ಪ್ಲೇಆಫ್ ತಲುಪಿತು. ಆ ವರ್ಷದ ಕಮ್‌ಬ್ಯಾಕ್ ಪ್ರಶಸ್ತಿಯೂ ಅವರಿಗೇ ಬಂತು.

ನಮ್ಮ ತಂಡದ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿದ್ದ ಹುಡುಗನನ್ನು ಬೇರೆ ತಂಡ ಎತ್ತಿಕೊಂಡು ಹೋಯಿತು. ಇದು ಸರಿನಾ? — ಒಬ್ಬ ಅಭಿಮಾನಿ, ನ್ಯೂಜೆರ್ಸಿ

ಸರಿಯೇ. ಅವನಿಗಂತೂ ಒಳ್ಳೆಯದೇ ಆಯಿತು. ಪ್ರಾಕ್ಟೀಸ್ ಸ್ಕ್ವಾಡ್‌ನವನನ್ನು ಬೇರೆ ತಂಡ ನೇರವಾಗಿ ತನ್ನ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಎಳೆದುಕೊಳ್ಳುವ ಹಾಗಿಲ್ಲ. 53ರಲ್ಲೇ ಜಾಗ ಕೊಡಬೇಕು, ಕನಿಷ್ಠ ಮೂರು ವಾರದ ಸಂಬಳ ಕೊಡಬೇಕು. ನಿಮ್ಮ ತಂಡ ಪ್ರತಿ ವಾರ ನಾಲ್ವರನ್ನು 'ಮುಟ್ಟಬೇಡಿ' ಅಂತ ಕಾಪಾಡಿಕೊಳ್ಳಬಹುದು. ಅವನು ಆ ನಾಲ್ವರಲ್ಲಿ ಇರಲಿಲ್ಲ. ಇನ್ನೊಂದು ಮಾತು. ಹೋಗುವುದೋ ಬಿಡುವುದೋ ಅಂತ ತೀರ್ಮಾನಿಸುವವನು ಆಟಗಾರನೇ. 'ನೀನೇ ಇರು, 53ಕ್ಕೆ ಸೇರಿಸ್ತೀವಿ' ಅಂತ ಹಳೆಯ ತಂಡ ಹೇಳಿದರೆ ಉಳಿಯಲೂಬಹುದು.

ಗಾಯವಾದವರು 53ರ ಲೆಕ್ಕದಲ್ಲೇ ಇರ್ತಾರಾ? — ಓದುಗರು, ಬೆಂಗಳೂರು

ಒಂದೆರಡು ವಾರದ ನೋವಾದರೆ ಇರುತ್ತಾರೆ. ದೊಡ್ಡ ಗಾಯವಾದರೆ 'ಇಂಜುರ್ಡ್ ರಿಸರ್ವ್' ಪಟ್ಟಿಗೆ ಹಾಕುತ್ತಾರೆ. ಆಗ 53ರಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಆದರೆ ಅವನು ಕನಿಷ್ಠ ನಾಲ್ಕು ಪಂದ್ಯ ಆಡುವ ಹಾಗಿಲ್ಲ. ಒಂದು ಸೀಸನ್‌ನಲ್ಲಿ ಹೀಗೆ ಎಂಟು ಸಲ ಮಾತ್ರ ವಾಪಸ್ ಕರೆಸಿಕೊಳ್ಳಬಹುದು. ಹಾಗಾಗಿ ಅಕ್ಟೋಬರ್‌ನಲ್ಲೇ ಎಲ್ಲರನ್ನೂ ಕರೆಸಿದರೆ ಡಿಸೆಂಬರ್‌ನಲ್ಲಿ ಕಷ್ಟ.

ನಾನು ಬೆಳಗಾವಿ ಕಡೆಯ ದೈಹಿಕ ಶಿಕ್ಷಕ. ನಮ್ಮಲ್ಲಿ ಕುಸ್ತಿ, ಕಬಡ್ಡಿ ಆಡುವ ಗಟ್ಟಿ ಹುಡುಗರಿದ್ದಾರೆ. ಅವರಿಗೆ ಆ ಲೀಗ್‌ಗೆ ಹೋಗುವ ದಾರಿ ಇದೆಯಾ?

ದಾರಿ ಇದೆ ಮೇಷ್ಟ್ರೇ, ಆದರೆ ತುಂಬಾ ಕಿರಿದು. ನಿಮಗೆ ಸುಳ್ಳು ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ಅಮೆರಿಕದ ಹೊರಗಿನ ಆಟಗಾರರಿಗೆ ಅಂತಲೇ 2017ರಿಂದ 'ಇಂಟರ್‌ನ್ಯಾಷನಲ್ ಪ್ಲೇಯರ್ ಪಾತ್‌ವೇ' ಅನ್ನುವ ಯೋಜನೆ ನಡೆಯುತ್ತಿದೆ. ಬೇರೆ ಆಟದಲ್ಲಿ ಪಳಗಿದವರನ್ನು ಕರೆಸಿ ಕೆಲವು ವಾರ ತರಬೇತಿ ಕೊಡುತ್ತಾರೆ. 2024ರಿಂದ 32 ತಂಡಗಳಿಗೂ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ 16ರ ಮೇಲೆ ಇನ್ನೊಂದು ಜಾಗ ಇದೆ, ಅದು ವಿದೇಶಿ ಆಟಗಾರನಿಗೇ ಮೀಸಲು. ಆ 17ನೇ ಕುರ್ಚಿಯೇ ನಿಮ್ಮ ಹುಡುಗರು ನೋಡಬಹುದಾದ ಬಾಗಿಲು. ಆದರೆ ಅಲ್ಲಿ ಅವರು ಕೇಳುವುದು ಬರೀ ಗಟ್ಟಿತನ ಅಲ್ಲ. ಗಾತ್ರ, ವೇಗ ಎರಡೂ ಒಟ್ಟಿಗೆ ಬೇಕು. ಕಬಡ್ಡಿಯ ಕಾಲ್ಚಳಕ, ಕುಸ್ತಿಯಲ್ಲಿ ಎದುರಾಳಿಯ ಭಾರ ತಿರುಗಿಸುವ ಕಲೆ ಲೈನ್‌ನಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತವೆ. ಜೊತೆಗೆ ದಪ್ಪ ಪ್ಲೇಬುಕ್ ಓದಿ ನೆನಪಿಟ್ಟುಕೊಳ್ಳಲು ಇಂಗ್ಲಿಷ್ ಬೇಕು. ರಗ್ಬಿ ಆಡಿಸಲು ಸಾಧ್ಯವಾದರೆ ಈಗಲೇ ಶುರು ಮಾಡಿ. ಚೆಂಡು ಹಿಡಿದು ಡಿಕ್ಕಿ ಹೊಡೆಯುವುದು, ಡಿಕ್ಕಿ ತಡೆಯುವುದು ಎರಡೂ ಅಲ್ಲಿ ಅಭ್ಯಾಸವಾಗುತ್ತದೆ.

ಈ ದಾರಿಯಲ್ಲಿ ಬಂದವರಲ್ಲಿ ಜೋರ್ಡನ್ ಮೈಲಾಟಾ ಅವರ ಕಥೆ ನಿಮ್ಮ ಹುಡುಗರಿಗೆ ಹೇಳಿ. ಆಸ್ಟ್ರೇಲಿಯಾದ ಸಿಡ್ನಿಯವರು, ರಗ್ಬಿ ಲೀಗ್ ಆಟಗಾರ. ಎತ್ತರ ಎರಡು ಮೀಟರ್‌ಗಿಂತ ಜಾಸ್ತಿ. 2018ರಲ್ಲಿ ಫಿಲಡೆಲ್ಫಿಯಾ ತಂಡ ಏಳನೇ ಸುತ್ತಿನಲ್ಲಿ ಆರಿಸಿದಾಗ ಅವರು ಅಮೆರಿಕನ್ ಫುಟ್‌ಬಾಲ್‌ನ ಒಂದೇ ಒಂದು ಪಂದ್ಯ ಆಡಿರಲಿಲ್ಲ. ಮೊದಲ ಎರಡು ಸೀಸನ್ ಒಂದು ಪಂದ್ಯವನ್ನೂ ಆಡಲಿಲ್ಲ, ಬರೀ ಕಲಿತರು. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವರಿಗೆ ಕಾಲು ಇಡುವುದರಿಂದ ಹಿಡಿದು ಕೈ ಎಲ್ಲಿಡಬೇಕು ಅನ್ನುವವರೆಗೆ ಹೇಳಿಕೊಟ್ಟರು. 2020ರಲ್ಲಿ ಜಾಗ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು.

ಪಂದ್ಯಕ್ಕೆ ಮುಂಚೆ ಟಿವಿಯಲ್ಲಿ ಆಟಗಾರರು ತಮ್ಮ ಹೆಸರು, ಓದಿದ ಕಾಲೇಜಿನ ಹೆಸರು ಹೇಳುವುದು ಅಲ್ಲಿನ ರೂಢಿ. ಮೈಲಾಟಾ ಅಮೆರಿಕದ ಯಾವ ಕಾಲೇಜಿಗೂ ಹೋದವರಲ್ಲ. ತಮ್ಮ ಸರದಿ ಬಂದಾಗ ಅವರು ಹೇಳಿದ್ದು: 'ಜೆಫ್ ಸ್ಟೌಟ್‌ಲ್ಯಾಂಡ್ ಯೂನಿವರ್ಸಿಟಿ.'