ಮಡಿಲಕ್ಕಿಗೂ ಪರ್ಮಿಟ್ ಬೇಕೇ, ಮೇಷ್ಟ್ರೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು, ಹಿಂದೆ ಮದರಾಸು ಸರ್ಕಾರ ನಡೆಸಿದ್ದ ರಾಜಾಜಿಯವರನ್ನು ಹೊಗಳಿದ್ದು ಅತಿಯಾಯಿತು. ಅವರ ಸ್ವತಂತ್ರ ಪಕ್ಷ ಜಮೀನ್ದಾರರ ಪಕ್ಷ. ಸರ್ಕಾರ ಮಿತವಾಗಿರಲಿ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಸರ್ಕಾರವಿಲ್ಲದಿದ್ದರೆ ತಮಿಳುನಾಡಿಗೆ ಸೇರಿದ ನಮ್ಮ ಹೊಸೂರು ಸೀಮೆಯಲ್ಲಿ ಕನ್ನಡ ಶಾಲೆ ಎಲ್ಲಿರುತ್ತಿತ್ತು? ಸಾಲದ್ದಕ್ಕೆ ದೇವರನ್ನು ಬೇರೆ ರಾಜಕೀಯಕ್ಕೆ ಎಳೆದು ತಂದರು. ಹಿಂದಿ ಹೇರಿದವರು, ಕುಲಕಸುಬಿನ ಶಿಕ್ಷಣ ತಂದವರು ಸ್ವಾತಂತ್ರ್ಯದ ಪಾಠ ಹೇಳಬಹುದೇ? — ನಿವೃತ್ತ ಶಿಕ್ಷಕರೊಬ್ಬರು, ಕೆಳಮಂಗಲ

ಸಂಪಾದಕರ ಉತ್ತರ:

ಮೇಷ್ಟ್ರೇ, ಮೇಲಿರುವುದು ನಿಮ್ಮ ಕಾಗದದ ಸಾರ ಮಾತ್ರ. ಮೂಲ ನಾಲ್ಕು ಪುಟ, ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೀರಿ. ಅಷ್ಟು ಸಿಟ್ಟಿನಲ್ಲೂ ಒಂದು ಒತ್ತಕ್ಷರ ತಪ್ಪಿಲ್ಲ. ನಿಮ್ಮ ಕೈಕೆಳಗೆ ಕಲಿತ ಮಕ್ಕಳು ಪುಣ್ಯವಂತರು.

ಹಿಂದಿಯ ಮಾತು ಒಪ್ಪಿದೆ. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದ್ದು ಅವರೇ. 1953ರಲ್ಲಿ ಅರ್ಧ ದಿನ ಶಾಲೆ, ಉಳಿದರ್ಧ ದಿನ ಅಪ್ಪನ ಕಸುಬು ಎಂಬ ಯೋಜನೆ ತಂದು, ಮರುವರ್ಷ ಕುರ್ಚಿ ಬಿಟ್ಟವರೂ ಅವರೇ. ನೀವು ಮರೆತದ್ದನ್ನು ನಾನು ಸೇರಿಸುತ್ತೇನೆ. 1937ರಲ್ಲಿ ಅವರ ಪಾನನಿರೋಧ ಶುರುವಾದದ್ದು ಸೇಲಂ ಜಿಲ್ಲೆಯಿಂದ. ಹೊಸೂರು ಆಗ ಸೇಲಂಗೆ ಸೇರಿತ್ತು. ಹೆಂಡದ ವರಮಾನ ಖೋತಾ ಆಯಿತೆಂದು 1939ರಲ್ಲಿ ಮಾರಾಟ ತೆರಿಗೆ ಹಾಕಿದ್ದೂ ಈ ಮಹಾನುಭಾವರೇ. ಆದರೆ ಇದೆಲ್ಲ ಅಧಿಕಾರ ಕೈಯಲ್ಲಿದ್ದಾಗ ಮಾಡಿದ್ದು ಎಂಬುದನ್ನು ಗಮನಿಸಿ. ಸ್ವತಂತ್ರ ಪಕ್ಷ ಕಟ್ಟುವಾಗ ಅವರಿಗೆ ಎಂಬತ್ತು ತುಂಬಿತ್ತು. ಒಲೆಗೆ ಕೈಯಿಟ್ಟು ಸುಟ್ಟುಕೊಂಡವರು ಒಲೆ ಬಿಸಿಯಿದೆ ಎಂದರೆ ‘ನೀವೇ ಕೈಯಿಟ್ಟಿರಲ್ಲ’ ಎಂದು ಜಗಳಕ್ಕೆ ನಿಲ್ಲುವುದೇ? ಹಿಂದಿ ತಂದವರೇ ಅರವತ್ತರ ದಶಕದಲ್ಲಿ ಅದರ ಹೇರಿಕೆಯ ವಿರುದ್ಧ ನಿಂತರು. ಅದು ನಿಮ್ಮ ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ.

ಜಮೀನ್ದಾರರ ಪಕ್ಷ ಎಂದಿರಿ. ರಾಜರು, ರಾಣಿಯರು, ಗಿರಣಿ ಮಾಲೀಕರು ಬಂದು ಸೇರಿಕೊಂಡದ್ದು ನಿಜ. ಆದರೆ ಪಕ್ಷದ ಅಧ್ಯಕ್ಷರಾಗಿದ್ದವರು ಎನ್. ಜಿ. ರಂಗಾ, ಗುಂಟೂರಿನ ಕಡೆಯ ರೈತ ಮುಖಂಡರು. ಪಕ್ಷ ಹುಟ್ಟಿದ ಸಂದರ್ಭವನ್ನೂ ನೋಡಿ. 1959ರ ಜನವರಿಯಲ್ಲಿ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು, ಹೊಲಗಳನ್ನೆಲ್ಲ ಒಟ್ಟುಗೂಡಿಸಿ ಸಹಕಾರಿ ಬೇಸಾಯ ಮಾಡಿಸುವ ನಿರ್ಣಯ ಮಾಡಿತು. ತಳಿಯಲ್ಲೋ ಅಂಚೆಟ್ಟಿಯಲ್ಲೋ ಎರಡೆಕರೆ ರಾಗಿ ಬೆಳೆಯುವವನು ಜಮೀನ್ದಾರನೇ? ಬದು ಯಾರದು ಎಂದು ಅಣ್ಣತಮ್ಮಂದಿರೇ ಕೋರ್ಟಿಗೆ ಹೋಗುವ ಸೀಮೆ ನಮ್ಮದು. ಇಲ್ಲಿ ಬದುವನ್ನೇ ತೆಗೆಯುತ್ತೇವೆ ಎಂದರೆ! ಆ ವರ್ಷವೇ ಪಕ್ಷ ಹುಟ್ಟಿತು. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು, 1971ರಲ್ಲಿ ಎಂಟಕ್ಕೆ ಇಳಿಯಿತು. ಸೋತ ಪಕ್ಷದ ಮಾತೆಲ್ಲ ಸುಳ್ಳೆಂದು ನೀವು ಮಕ್ಕಳಿಗೆ ಕಲಿಸಿರಲಾರಿರಿ.

ಈಗ ಹೊಟ್ಟೆ ತುಂಬಿದವರ ಮಾತಿಗೆ ಬರೋಣ. ಅರವತ್ತರ ದಶಕದ ನಡುವಿನಲ್ಲಿ ನನಗೆ ಆರೋ ಏಳೋ ವರ್ಷ. ಚಿಕ್ಕಮ್ಮ ಬಾಣಂತನ ಮುಗಿಸಿ ಆನೇಕಲ್ಲಿನ ಗಂಡನ ಮನೆಗೆ ಹೊರಟಿದ್ದರು. ಅಜ್ಜಿ ಮಡಿಲು ತುಂಬಿದರು: ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಸಿನದ ಕೊನೆ, ಕುಪ್ಪಸದ ಕಣ. ಧಾನ್ಯವನ್ನು ರಾಜ್ಯದ ಗಡಿ ದಾಟಿಸಲು ಕಟ್ಟುಪಾಡಿದ್ದ ಕಾಲ. ಗೇಟಿನಲ್ಲಿ ಬಸ್ಸು ನಿಲ್ಲಿಸಿದರು. ಖಾಕಿ ತೊಟ್ಟವರೊಬ್ಬರು ಸೀರೆಯ ಗಂಟು ಬಿಚ್ಚಿಸಿ, ಅಕ್ಕಿಯನ್ನೆಲ್ಲ ತಗಡಿನ ಡಬ್ಬಕ್ಕೆ ಸುರಿಸಿಕೊಂಡರು. ಮನೆಬಳಕೆಗೆಂದು ಎಷ್ಟು ಒಯ್ಯಬಹುದು ಎಂಬ ನಿಯಮ ಅವರಿಗೆ ಗೊತ್ತಿತ್ತೋ ಇಲ್ಲವೋ, ಚಿಕ್ಕಮ್ಮನಿಗಂತೂ ಗೊತ್ತಿರಲಿಲ್ಲ. ಬೆಲ್ಲ, ಕೊಬ್ಬರಿ ವಾಪಸ್ಸು ಬಂದವು. ಚಿಕ್ಕಮ್ಮ ಅಳಲಿಲ್ಲ. ಸಿಮೆಂಟ್ ಕಟ್ಟೆಯ ಮೇಲೆ ಚೆಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. ಹಿಂದೆ ನಿಂತ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಬರಿದಾದ ಮಡಿಲಲ್ಲಿ ಗಂಡನ ಮನೆಗೆ ಕಾಲಿಡುವುದೆಂದರೇನು ಎಂದು ನಿಮ್ಮ ಮನೆಯವರನ್ನು ಕೇಳಿ ನೋಡಿ.

ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕೆನ್ನುವ ಇಂಥ ಆಡಳಿತವನ್ನು ರಾಜಾಜಿ ಪರ್ಮಿಟ್ ಲೈಸೆನ್ಸ್ ರಾಜ್ ಎಂದು ಕರೆದರು. ಬರೀ ಕರೆಯಲಿಲ್ಲ, 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರ ಧಾನ್ಯದ ನಿಯಂತ್ರಣವನ್ನು ತೆಗೆದೂ ತೋರಿಸಿದರು. ಕಟ್ಟುಪಾಡು ಆಮೇಲೆ ಮತ್ತೆ ಬಂತು. ಬಾರದೇ ಇರುತ್ತದೆಯೇ, ಡಬ್ಬ ಹಿಡಿದು ನಿಲ್ಲುವವರಿಗೂ ಕೆಲಸ ಬೇಡವೇ!

ದೇವರ ವಿಷಯ. ಮನುಷ್ಯನ ಒಳಗೊಬ್ಬ ಕಾವಲುಗಾರನಿದ್ದರೆ ಹೊರಗೆ ಪೊಲೀಸರು ಅಷ್ಟು ಬೇಕಾಗುವುದಿಲ್ಲ. ಅವರ ನಂಬಿಕೆಯ ರಾಜಕೀಯವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಅದು ಮಡಿಯ ರಾಜಕೀಯವಲ್ಲ. 1939ರಲ್ಲಿ ಮಧುರೆಯ ಮೀನಾಕ್ಷಿ ದೇವಾಲಯದ ಬಾಗಿಲು ದಲಿತರಿಗೆ ತೆರೆದಾಗ, ತೆರೆದವರ ಬೆನ್ನಿಗೆ ಕಾಯಿದೆ ತಂದು ನಿಲ್ಲಿಸಿದ್ದು ಅವರ ಸರ್ಕಾರ. ಆ ಕಾಯಿದೆ ತೆರೆಯಲೇಬೇಕು ಎನ್ನಲಿಲ್ಲ. ತೆರೆಯಲು ಧರ್ಮದರ್ಶಿಗಳಿಗೆ ಅಧಿಕಾರ ಕೊಟ್ಟಿತು, ತೆರೆದವರಿಗೆ ರಕ್ಷಣೆ ಕೊಟ್ಟಿತು. ಸಾಲದು ಎನ್ನುತ್ತೀರಿ. ಹೊರಗೆ ನಿಂತವರಿಗೆ ಸಾಲದು, ಇರಬಹುದು.

ಇನ್ನು ನಮ್ಮ ಶಾಲೆ. ಕಟ್ಟಡ, ಸಂಬಳ, ಪುಸ್ತಕ ಎಲ್ಲ ಸರ್ಕಾರದ್ದೇ, ಸರಿ. ಆದರೆ ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡಿದ 2006ರ ತಮಿಳು ಕಲಿಕೆ ಕಾಯಿದೆ ತಂದದ್ದು ಯಾರು? ಅದೇ ಕೈ. ಆಗ ಒಂದನೆಯ ತರಗತಿಗೆ ಸೇರಿದ ಮಕ್ಕಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅಲ್ಪಸಂಖ್ಯಾತ ಭಾಷೆಯವರು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತಮಿಳು ಬೇಡವೆಂದಲ್ಲ, ಹೊಸೂರಿನ ಸಂತೆಗೆ ಹೋಗುವ ಮಗು ತಮಿಳು, ತೆಲುಗು ಎರಡನ್ನೂ ಯಾರ ಆದೇಶವೂ ಇಲ್ಲದೆ ಕಲಿಯುತ್ತದೆ. 2017ರಲ್ಲಿ ಕಾಸರಗೋಡಿನ ನಮ್ಮವರಿಗೆ ಮಲಯಾಳಂ ಕಡ್ಡಾಯದ ಬಿಸಿ ತಟ್ಟಿತು. ಅತ್ತಿಬೆಲೆಯ ಆಚೆ, 2015ರಲ್ಲಿ ಕರ್ನಾಟಕವೂ ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡಿತು. ಅಲ್ಲಿಗೆ ಚಪ್ಪಾಳೆ ತಟ್ಟಿ ಇಲ್ಲಿ ಎದೆ ಬಡಿದುಕೊಳ್ಳುವವರಲ್ಲಿ ನೀವಿದ್ದೀರಿ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಇದ್ದೆ.

ಒಮ್ಮೆ ರಾಜಾಜಿ ಹುಟ್ಟಿದ ತೊರಪಳ್ಳಿಗೆ ಹೋಗಿ ಬನ್ನಿ, ಹೊಸೂರಿನಿಂದ ದೂರವೇನಿಲ್ಲ. ಗ್ರಾಮದ ಮುನ್ಸೀಫರ ಮನೆ; ಸರ್ಕಾರದ ದಫ್ತರ ನೋಡುತ್ತಲೇ ಬೆಳೆದ ಹುಡುಗ ಅವರು. ಮನೆ ಈಗ ಸ್ಮಾರಕ. ನಡೆಸುತ್ತಿರುವುದು ಯಾರು ಎನ್ನುತ್ತೀರಿ? ಸರ್ಕಾರ. ನಗಬೇಡಿ.

ಚಂದಾ ನಿಲ್ಲಿಸುವುದಾಗಿ ಮೂರನೆಯ ಪುಟದ ಅಂಚಿನಲ್ಲಿ ಬರೆದಿದ್ದೀರಿ. ನಿಮ್ಮ ಇಷ್ಟ. ಹಣ ಮೊದಲೇ ಕೊಟ್ಟಿರುವುದರಿಂದ ಇನ್ನೆರಡು ಸಂಚಿಕೆ ಹೇಗೂ ಬರುತ್ತವೆ. ಅಷ್ಟರೊಳಗೆ ಇನ್ನೊಂದು ಕಾಗದ ಬರೆಯಿರಿ, ಈ ಸಲ ಅಂಚು ಬಿಟ್ಟು.

— ಸಂ.